ಘಟ್ಟದ ಮೇಲಿನ ಬೋಟ್ ಮೆಕ್ಯಾನಿಕ್

(ಹಾಸನದ ಐಟಿಐ ಒಂದರಲ್ಲಿ ಡೀಸೆಲ್ ಮೆಕ್ಯಾನಿಕ್ ಓದುತ್ತಿರುವ ವಿದ್ಯಾರ್ಥಿಗಳ ಮುಂದೆ ಬೋಟು ರಿಪೇರಿ ಕೆಲಸದ ಬಗ್ಗೆ ಆಡಿದ ಮಾತುಗಳ ಬರಹ ರೂಪ. ಮಾತಿನ ಓಟದಲ್ಲಿ ಬಿಟ್ಟುಹೋಗಿದ್ದ ಒಂದೆರಡು ಸಂಗತಿಗಳನ್ನು ಬರೆಯುವಾಗ ಸೇರಿಸಿದ್ದೇನೆ.)

ಹಿಂದಿನ ಬೆಂಚಿನಲ್ಲಿ ಯಾರೋ "ಹಾಸನದಲ್ಲಿ ಸಮುದ್ರ ಎಲ್ಲಿದೆ ಮಗಾ" ಅಂದಿದ್ದು ನನಗೆ ಇಲ್ಲಿವರೆಗೂ ಕೇಳಿಸಿತು. ನ್ಯಾಯವಾದ ಪ್ರಶ್ನೆಯೇ. ಮೊದಲು ಅದಕ್ಕೇ ಉತ್ತರ ಹೇಳಿಬಿಡುತ್ತೇನೆ.

ಸಮುದ್ರ ಇಲ್ಲ, ನೀರಿದೆ. ಗೊರೂರಿನ ಹೇಮಾವತಿ ಅಣೆಕಟ್ಟೆ 1979ರಲ್ಲಿ ಮುಗಿಯಿತು, ತುಂಬಿದರೆ 37 ಟಿಎಂಸಿ. ಬೇಲೂರಿನ ಪಕ್ಕದಲ್ಲೇ ಯಗಚಿ. ಅಲ್ಲಿ ಸ್ಪೀಡ್ ಬೋಟು, ಜೆಟ್ ಸ್ಕೀ ಓಡಿಸುವುದನ್ನು ನಿಮ್ಮಲ್ಲಿ ಹಲವರು ನೋಡಿದ್ದೀರಿ, ರೀಲ್ಸ್ ಮಾಡಿದವರೂ ಇದ್ದೀರಿ. ಚಿಕ್ಕಮಗಳೂರು ಜಿಲ್ಲೆಗೆ ದಾಟಿದರೆ ಲಕ್ಕವಳ್ಳಿಯ ಭದ್ರಾ ಹಿನ್ನೀರು, ಅಲ್ಲಿ ಜಂಗಲ್ ಲಾಡ್ಜಸ್‌ನವರ ಬೋಟ್ ಸಫಾರಿ. ಇದರ ಜೊತೆಗೆ ರೆಸಾರ್ಟುಗಳ ಕೆರೆಗಳಲ್ಲಿ ಒಂದೊಂದು ಎರಡೆರಡು, ಪ್ರವಾಹ ಬಂದಾಗ ಹೊರಗೆ ಬರುವ ರಕ್ಷಣಾ ತಂಡಗಳ ರಬ್ಬರ್ ಬೋಟುಗಳು.

ಎಲ್ಲ ಕೂಡಿದರೂ ಎಷ್ಟಾಯಿತು? ಬಹಳ ಇಲ್ಲ. ಬರೀ ಬೋಟು ರಿಪೇರಿ ನಂಬಿಕೊಂಡು ಹಾಸನದಲ್ಲಿ ಮಳಿಗೆ ಹಿಡಿದರೆ ಅಡ್ವಾನ್ಸ್ ಹಣ ಬಾಡಿಗೆಗೇ ಕರಗಿಹೋಗುತ್ತದೆ. ಇದನ್ನು ಮೊದಲೇ ಹೇಳದೆ ನಿಮಗೆ ಆಸೆ ಹುಟ್ಟಿಸಿದರೆ ನಾನು ಈ ಮೈಕ್ ಮುಂದೆ ನಿಲ್ಲುವುದೇ ತಪ್ಪು. ಆದರೆ ಪಂಪ್‌ಸೆಟ್, ವೀಡ್ ಕಟರ್, ಪವರ್ ಟಿಲ್ಲರ್ ರಿಪೇರಿ ಮಾಡುವವನು ಬೋಟು ಕೆಲಸವನ್ನೂ ಕಲಿತರೆ, ವರ್ಷದ ಹನ್ನೆರಡು ತಿಂಗಳೂ ಕೈಗೆ ಕೆಲಸ ಇರುತ್ತದೆ. ನಾನು ಹೇಳಲು ಬಂದಿರುವುದು ಇದನ್ನೇ.

ಕಾಫಿ ತೋಟದ ಸಂಬಂಧ ಇರುವವರು ಕೈ ಎತ್ತಿ. ನೋಡಿ, ಅರ್ಧ ಕ್ಲಾಸು. ಫೆಬ್ರವರಿ, ಮಾರ್ಚ್‌ನಲ್ಲಿ ರೋಬಸ್ಟಾಕ್ಕೆ ಹೂ ಬಿಡಿಸುವ ಬ್ಲಾಸಂ ನೀರು, ಅದಾದ ಮೇಲೆ ಬ್ಯಾಕಿಂಗ್, ಅಂದರೆ ಹೂವಾದ ಮೇಲಿನ ಎರಡನೇ ನೀರು. ಸ್ಪ್ರಿಂಕ್ಲರ್ ಓಡುತ್ತಿರುವಾಗ ಡೀಸೆಲ್ ಇಂಜಿನ್ ಕೈಕೊಟ್ಟರೆ ಸಾಹುಕಾರರಿಗೆ ರಾತ್ರಿ ನಿದ್ದೆ ಇಲ್ಲ, ಮೆಕ್ಯಾನಿಕ್‌ಗೂ ಇಲ್ಲ. ಆ ಇಂಜಿನ್‌ಗೆ ನೀವು ಏರ್ ಬಿಡಿಸಿದ್ದೀರಿ, ಇಂಜೆಕ್ಟರ್ ಬಿಚ್ಚಿದ್ದೀರಿ, ಪಂಪಿನ ಶಾಫ್ಟಿನಲ್ಲಿ ನೀರು ಸೋರದಂತೆ ಸುತ್ತುವ ಗ್ಲ್ಯಾಂಡ್ ರೋಪ್ ಬದಲಾಯಿಸಿದ್ದೀರಿ. ಬೋಟಿನಲ್ಲೂ ಇಂಜಿನ್ ಇಂಜಿನ್ನೇ. ಉಳಿದಿದ್ದು ನೀರಿನ ಕಡೆಯ ವಿದ್ಯೆ. ಈಗ ಆ ಕಡೆಗೆ ಬರೋಣ.

ನೀರಿನ ಮೇಲೆ ಇಂಜಿನ್ ನಿಂತರೆ ರಸ್ತೆ ಪಕ್ಕಕ್ಕೆ ತಳ್ಳಿ ನಿಲ್ಲಿಸುವ ಹಾಗಿಲ್ಲ. ಗಾಳಿ ಎತ್ತ ಬೀಸುತ್ತದೋ ಬೋಟು ಅತ್ತ. ಹೇಮಾವತಿ ಹಿನ್ನೀರಿನಲ್ಲಿ ಬೇಸಿಗೆಯಲ್ಲಿ ನೀರು ಇಳಿದಾಗ ಶೆಟ್ಟಿಹಳ್ಳಿ ಚರ್ಚು ಮೇಲೇಳುವುದನ್ನು ಎಲ್ಲರೂ ಫೋಟೋ ತೆಗೆಯುತ್ತಾರೆ. ಮುಳುಗಡೆ ಜಾಗದ ಹಳೇ ಮರದ ಬೊಡ್ಡೆ, ಕಲ್ಲಿನ ಗೋಡೆ ಕೂಡ ಹಾಗೇ ಮೇಲೆ ಬರುತ್ತವೆ. ಪೂರ್ತಿ ಬಂದರೆ ತೊಂದರೆ ಇಲ್ಲ, ಕಣ್ಣಿಗೆ ಕಾಣುತ್ತದೆ. ಒಂದು ಅಡಿ ಕೆಳಗೆ ಅಡಗಿರುವುದೇ ಅಪಾಯ, ಫ್ಯಾನು ಹೋಗಿ ಅದಕ್ಕೇ ಬಡಿಯುತ್ತದೆ. ಫ್ಯಾನು ಅಂದರೆ ಪ್ರೊಪೆಲ್ಲರ್, ಕರಾವಳಿಯಲ್ಲಿ ಹಾಗೇ ಅನ್ನುವುದು. ಸಣ್ಣ ಔಟ್‌ಬೋರ್ಡಿನಲ್ಲಿ, ಅಂದರೆ ಬೋಟಿನ ಹಿಂಭಾಗಕ್ಕೆ ಹೊರಗಿನಿಂದ ತಗುಲಿಸುವ ಇಂಜಿನ್‌ನಲ್ಲಿ, ಶಿಯರ್ ಪಿನ್ ಅಂತ ಒಂದಿರುತ್ತದೆ, ಏಟು ಬಿದ್ದಾಗ ಅದು ಮುರಿದುಕೊಂಡು ಗೇರ್ ಉಳಿಸಲೆಂದೇ ಇರುವುದು. ಅದು ಮುರಿದ ಜಾಗಕ್ಕೆ ಗಟ್ಟಿಯಾಗಿರಲಿ ಅಂತ ಕಬ್ಬಿಣದ ಮೊಳೆ ಬಡಿಯುವ ಜಾಣರಿದ್ದಾರೆ. ಮುಂದಿನ ಏಟಿಗೆ ಗೇರ್ ಹಲ್ಲೇ ಹೋಗುತ್ತದೆ. ದೊಡ್ಡ ಇಂಜಿನ್‌ಗಳಲ್ಲಿ ಪಿನ್ ಬದಲು ಫ್ಯಾನಿನ ಒಳಗೆ ರಬ್ಬರ್ ಬುಶ್ ಇರುತ್ತದೆ. ಅದು ಜಾರಿದರೆ ಇಂಜಿನ್ ಕಿರುಚುತ್ತದೆ, ಬೋಟು ಮಾತ್ರ ಇದ್ದಲ್ಲೇ ಇರುತ್ತದೆ.

ಒಂದು ಕೆಲಸವನ್ನು ಹತ್ತಿರದಿಂದ ತೋರಿಸುತ್ತೇನೆ. ಔಟ್‌ಬೋರ್ಡಿನ ಕೆಳಗಿನ ಗೇರ್ ಕೇಸ್. ಅದಕ್ಕೆ ಎರಡು ಸ್ಕ್ರೂ, ಕೆಳಗೊಂದು ಮೇಲೊಂದು. ಕೆಳಗಿನದನ್ನು ಸ್ವಲ್ಪ ಸಡಿಲಿಸಿ ಮೊದಲು ಬರುವ ಹನಿಯನ್ನು ಬೆರಳಿಗೆ ತೆಗೆದುಕೊಳ್ಳಿ. ಬೋಟು ನಿಂತಿದ್ದಾಗ ನೀರು ಎಣ್ಣೆಗಿಂತ ಕೆಳಗೆ ಕೂರುವುದರಿಂದ ಒಳಗೆ ನೀರಿದ್ದರೆ ಅದೇ ಮೊದಲು ಬರುತ್ತದೆ. ಆಮೇಲೆ ಎಣ್ಣೆಯ ಬಣ್ಣ ನೋಡಿ. ಕಪ್ಪಗಿದ್ದರೆ ಹಳೇದಾಗಿದೆ, ಅಷ್ಟೆ. ಹಾಲು ಹಾಕಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿ ಗೇರ್ ಜೊತೆ ಕಡೆದುಕೊಂಡಿದೆ ಅಂತ ಅರ್ಥ. ಹೊಸ ಎಣ್ಣೆ ಹಾಕಿ ಬಿಲ್ ಕೊಟ್ಟು ಕಳಿಸುವವರೂ ಇದ್ದಾರೆ. ನೀರು ಎಲ್ಲಿಂದ ಬಂತು ಅಂತ ಹುಡುಕುವವನು ಮೆಕ್ಯಾನಿಕ್.

ಫ್ಯಾನು ಬಿಚ್ಚಿ. ಹಿಂದಿನ ವಾಷರ್ ತೆಗೆದರೆ ಶಾಫ್ಟಿಗೆ ನೈಲಾನ್ ದಾರ ಸುತ್ತಿಕೊಂಡಿರುವುದು ಎಷ್ಟೋ ಸಲ ಸಿಗುತ್ತದೆ. ನಮ್ಮ ಹಿನ್ನೀರುಗಳಲ್ಲಿ ಮೀನಿನ ಬಲೆ ಹರಿದು ತೇಲುವುದು ಮಾಮೂಲು. ಸಣ್ಣ ತುಂಡು ಸಿಕ್ಕಿಕೊಂಡರೂ ಶಾಫ್ಟ್ ತಿರುಗುವ ವೇಗಕ್ಕೆ ಬಿಸಿಯಾಗಿ, ನೀರು ತಡೆಯುವ ರಬ್ಬರ್ ಸೀಲಿನ ತುಟಿಯನ್ನು ಕೊಯ್ದುಬಿಡುತ್ತದೆ. ಬಾಗಿಲು ತೆರೆಯುವುದು ಅಲ್ಲೇ. ಸೀಲ್ ಬದಲಾಯಿಸಿ, ಗಾಳಿ ತುಂಬಿ ಒತ್ತಡ ನಿಲ್ಲುತ್ತದೆಯೇ ನೋಡಿ, ಆಮೇಲೆ ಎಣ್ಣೆ. ಎಣ್ಣೆ ತುಂಬುವುದು ಕೆಳಗಿನ ತೂತಿನಿಂದ, ಮೇಲಿನದರಲ್ಲಿ ಹೊರಗೆ ಬರುವವರೆಗೆ. ಮೇಲಿಂದ ಸುರಿದರೆ ಗಾಳಿ ಒಳಗೇ ಉಳಿದು, ತುಂಬಿದೆ ಅಂದುಕೊಂಡ ಗೇರ್ ಅರ್ಧ ಖಾಲಿ ಓಡುತ್ತದೆ. ಬೆಲೆಯಲ್ಲಿ ಸೀಲು ಏನೂ ಅಲ್ಲ. ಗೇರ್ ಸೆಟ್ ಬೆಲೆ ಕೇಳಿದ ಗಿರಾಕಿ ಅಲ್ಲೇ ಕೂರುತ್ತಾನೆ.

ಇನ್ನೊಂದು, ವೀಡ್ ಕಟರ್ ಗೊತ್ತಿರುವವರು ಕೇಳಿಸಿಕೊಳ್ಳಿ. ಟೂ ಸ್ಟ್ರೋಕ್ ಔಟ್‌ಬೋರ್ಡಿಗೂ ಪೆಟ್ರೋಲಿನಲ್ಲಿ ಆಯಿಲ್ ಬೆರೆಸಬೇಕು. ಲೀಟರಿಗೆ 20 ಮಿಲಿ ಅಂದರೆ 50ಕ್ಕೆ 1, ಇಂಜಿನ್ ನೋಡಿಕೊಂಡು ಹೆಚ್ಚುಕಡಿಮೆ. ಅಂಗಡಿಯಲ್ಲಿ ವೀಡ್ ಕಟರಿನ ಟೂಟಿ ಆಯಿಲ್ ಇರುತ್ತದೆ, ಅದನ್ನೇ ಹಾಕಿದರೇನು? ಹಾಕಬಾರದು. ವೀಡ್ ಕಟರ್ ಗಾಳಿಯಿಂದ ತಣಿಯುವ ಇಂಜಿನ್, ಕಾದು ಓಡುತ್ತದೆ. ಅದರ ಆಯಿಲ್ಲಿನಲ್ಲಿ ಆ ಬಿಸಿಗೆ ಬೇಕಾದ ಮದ್ದು ಇರುತ್ತದೆ, ಸುಟ್ಟರೆ ಬೂದಿ ಬಿಡುತ್ತದೆ. ಔಟ್‌ಬೋರ್ಡ್ ಕೆರೆ ನೀರಿನಿಂದಲೇ ತಣಿಯುತ್ತದೆ, ಅಷ್ಟು ಕಾಯುವುದೇ ಇಲ್ಲ. ಆ ಬೂದಿ ಪಿಸ್ಟನ್ ಮೇಲೆ, ಪ್ಲಗ್ ಮೇಲೆ ಕೂರುತ್ತದೆ. ಔಟ್‌ಬೋರ್ಡ್ ಆಯಿಲ್ ಡಬ್ಬಿ ಮೇಲೆ ಟಿಸಿ-ಡಬ್ಲ್ಯು3 ಅಂತ ಇರಬೇಕು. ತಿರುಗಾಮುರುಗಾ ಹಾಕಿದರೂ ತಪ್ಪೇ. ಈ ಆಯಿಲ್ ಹಾಕಿದ ವೀಡ್ ಕಟರ್ ಬೇಗ ಜಾಮ್ ಆಗುತ್ತದೆ.

ತಣಿಸುವ ನೀರಿನ ಮಾತು ಬಂತಲ್ಲ. ಔಟ್‌ಬೋರ್ಡ್ ಓಡುವಾಗ ಹಿಂಭಾಗದ ಸಣ್ಣ ತೂತಿನಿಂದ ನೀರು ಚಿಮ್ಮುತ್ತಿರುತ್ತದೆ. "ಉಚ್ಚೆ ಹೊಯ್ತಿದ್ಯಾ ನೋಡೋ" ಅಂತಲೇ ಮೆಕ್ಯಾನಿಕ್‌ಗಳು ಕೂಗುವುದು. ಮೇಷ್ಟ್ರು ಕ್ಷಮಿಸಬೇಕು, ಇದಕ್ಕೆ ಬೇರೆ ಮಾತು ನಮ್ಮಲ್ಲಿಲ್ಲ. ಅದು ನಿಂತರೆ ಇಂಜಿನ್ ಕೂಡಲೇ ಆಫ್. ಒಳಗಿರುವುದು ಒಂದು ರಬ್ಬರ್ ಇಂಪೆಲ್ಲರ್, ನೀರನ್ನು ಮೇಲೆತ್ತುವ ರೆಕ್ಕೆಚಕ್ರ, ನೀರೇ ಅದಕ್ಕೆ ಗ್ರೀಸು. ನೀರಿಲ್ಲದೆ ದಡದಲ್ಲಿ "ಸ್ಟಾರ್ಟ್ ಆಗುತ್ತಾ ನೋಡೋಣ" ಅಂತ ಓಡಿಸಿದರೆ ಸೆಕೆಂಡುಗಳಲ್ಲಿ ರೆಕ್ಕೆ ಕರಟಿಹೋಗುತ್ತದೆ. ಮಳೆಗಾಲದಲ್ಲಿ ನಮ್ಮ ಕೆಂಪು ನೀರಿನ ಮಣ್ಣೂ ಅದನ್ನು ಸವೆಸುತ್ತದೆ. ವರ್ಷಕ್ಕೊಮ್ಮೆ ಬದಲಾಯಿಸಿ ಅಂದರೆ ಗಿರಾಕಿಗಳು ಮುಖ ಸಿಂಡರಿಸುತ್ತಾರೆ, ಆದರೂ ಹೇಳಿ.

ಘಟ್ಟದ ಮೇಲಿನವರಿಗೆ ಮಾತ್ರ ಬರುವ ಒಂದು ತಲೆನೋವಿದೆ, ಮಂಗಳೂರಿನ ಮೆಕ್ಯಾನಿಕ್‌ಗೆ ಇದರ ಗೊಡವೆಯೇ ಇಲ್ಲ. ಪೇಪರಿನಲ್ಲಿ ಹೇಮಾವತಿ ಜಲಾಶಯದ ಗರಿಷ್ಠ ಮಟ್ಟ 2,922 ಅಡಿ ಅಂತ ಓದುತ್ತೀರಲ್ಲ, ಅದು ಆಳ ಅಲ್ಲ, ಸಮುದ್ರ ಮಟ್ಟದಿಂದ ಎತ್ತರ. ಟರ್ಬೋ ಇಲ್ಲದ ಇಂಜಿನ್ ಪ್ರತಿ ಸಾವಿರ ಅಡಿಗೆ ಹೆಚ್ಚುಕಡಿಮೆ ಶೇ 3ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ, ಗಾಳಿ ತೆಳುವಾಗುವುದರಿಂದ. ಮಲ್ಪೆಯಲ್ಲಿ 40 ಎಚ್‌ಪಿ ಎಳೆದ ಇಂಜಿನ್ ಗೊರೂರಿಗೆ ಬಂದರೆ 36, 37. ಕರಾವಳಿಯಿಂದ ಸೆಕೆಂಡ್ ಹ್ಯಾಂಡ್ ಬೋಟು ತಂದ ರೆಸಾರ್ಟಿನವರು "ಅಲ್ಲಿ ಬಾಣದ ಥರ ಹೋಗ್ತಿತ್ತು, ಇಲ್ಲಿ ಏಳ್ತಾನೇ ಇಲ್ಲ, ಇಂಜಿನ್ ಬಿಚ್ಚಿ" ಅನ್ನುತ್ತಾರೆ. ಬಿಚ್ಚುವ ಮೊದಲು ಫ್ಯಾನಿನ ಮೇಲೆ ಒತ್ತಿರುವ ನಂಬರ್ ಓದಿ. ಎರಡು ಅಂಕಿ ಇರುತ್ತವೆ, ಮೊದಲನೆಯದು ಅಗಲ, ಎರಡನೆಯದು ಪಿಚ್. ಒಂದು ಸುತ್ತಿಗೆ ಎಷ್ಟು ಇಂಚು ಮುಂದೆ ಹೋಗಬೇಕು ಅನ್ನುವ ಲೆಕ್ಕ ಅದು. ಪಿಚ್ ಒಂದು ಇಂಚು ಇಳಿಸಿದರೆ ಫುಲ್ ಥ್ರಾಟಲಿನಲ್ಲಿ 150ರಿಂದ 200 ಆರ್‌ಪಿಎಂ ಏರುತ್ತದೆ. ಟ್ಯಾಕೋಮೀಟರ್ ಹಾಕಿ, ಕಂಪನಿಯವರು ಹೇಳಿದ ಆರ್‌ಪಿಎಂ ಬರುತ್ತಿದೆಯೇ ನೋಡಿ, ಬರದಿದ್ದರೆ ಪಿಚ್ ಕಡಿಮೆ ಇರುವ ಫ್ಯಾನು ಹಾಕಿ. ಕಾರ್ಬುರೇಟರ್ ಇಂಜಿನ್ ಆದರೆ ಪೆಟ್ರೋಲ್ ಹರಿಯುವ ಸಣ್ಣ ತೂತು, ಅಂದರೆ ಜೆಟ್ಟೂ ನೋಡಬೇಕು, ಇಲ್ಲಿ ಗಾಳಿಗೆ ಹೋಲಿಸಿದರೆ ಪೆಟ್ರೋಲಿನ ಪಾಲು ಹೆಚ್ಚಾಗುತ್ತದೆ. ಎಷ್ಟೋ ಸಲ ಇಂಜಿನ್ ಬಿಚ್ಚುವ ಅಗತ್ಯವೇ ಬೀಳುವುದಿಲ್ಲ.

ಈಗ ಕೆಳಗಿಳಿಯೋಣ, ಶಿರಾಡಿ ದಾಟಿ. ಕೆಲಸ ಕಲಿಯುವುದು ಅಲ್ಲೇ. ಗೊರೂರಿನಲ್ಲಿ ಕೂತು ಕಲಿತೇನು ಅಂದರೆ ವರ್ಷಕ್ಕೆ ಎಷ್ಟು ಇಂಜಿನ್ ಕೈಗೆ ಸಿಕ್ಕಾವು? ಮಲ್ಪೆ, ಮಂಗಳೂರು ದಕ್ಕೆ, ಗಂಗೊಳ್ಳಿಯಲ್ಲಿ ಬೋಟುಗಳು ಒಂದರ ಮಗ್ಗುಲಿಗೆ ಒಂದು ನಿಂತಿರುತ್ತವೆ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ರಜೆ. ಮೀನುಗಾರರಿಗೆ ರಜೆ, ಮೆಕ್ಯಾನಿಕ್‌ಗೆ ಅದೇ ಸುಗ್ಗಿ. ಆಳಸಮುದ್ರ ಬೋಟುಗಳ ಡೀಸೆಲ್ ಇಂಜಿನ್‌ಗಳನ್ನು ಬಿಚ್ಚುವುದು, ಶಾಫ್ಟ್ ಎಳೆಯುವುದು, ಗೇರ್ ಬಾಕ್ಸ್ ಇಳಿಸುವುದು ಎಲ್ಲ ಆಗಲೇ. ಆಗಸ್ಟಿನಲ್ಲಿ ಕಡಲಿಗೆ ಇಳಿಯುವ ಹೊತ್ತಿಗೆ ಎಲ್ಲ ಮುಗಿದಿರಬೇಕು.

ನಿಮ್ಮ ಕ್ಯಾಲೆಂಡರ್ ಜೊತೆ ಇದನ್ನು ಹೊಂದಿಸಿ ನೋಡಿ. ಬ್ಯಾಕಿಂಗ್ ನೀರು ಮುಗಿದು ಮಳೆ ಹಿಡಿದ ಮೇಲೆ ತೋಟದಲ್ಲಿ ಪಂಪ್‌ಸೆಟ್‌ಗೆ ಕೆಲಸ ಇಲ್ಲ, ನಿಮಗೂ ಇಲ್ಲ. ಸರಿಯಾಗಿ ಆ ಎರಡು ತಿಂಗಳು ಕರಾವಳಿಯಲ್ಲಿ ಕೈ ಸಾಲದೆ ಬಾಯಿಬಾಯಿ ಬಿಡುತ್ತಾರೆ. ವಾಪಸ್ ಬರುವಷ್ಟರಲ್ಲಿ ಕಳೆ ಹೊಡೆಯುವ ಕಾಲ, ವೀಡ್ ಕಟರ್‌ಗಳು ಸಾಲುಗಟ್ಟಿ ಬರುತ್ತವೆ. ಅಕ್ಟೋಬರ್ ದಾಟಿದರೆ ಪ್ರವಾಸಿಗರು, ತುಂಬಿದ ಹಿನ್ನೀರು, ಬೋಟು. ಜನವರಿ ಕಳೆದರೆ ಮತ್ತೆ ಸ್ಪ್ರಿಂಕ್ಲರ್. ಈ ಚಕ್ರ ಮಂಗಳೂರಿನವನಿಗೂ ಸಿಗದು, ಬೆಂಗಳೂರಿನವನಿಗೂ ಸಿಗದು.

ಅಲ್ಲಿ ನಿಮ್ಮನ್ನು "ಘಟ್ಟದವರು" ಅನ್ನುತ್ತಾರೆ, ಬೇಸರ ಮಾಡಿಕೊಳ್ಳಬೇಡಿ. ಮೇಸ್ತ್ರಿ ತುಳುವಿನಲ್ಲಿ ಬೈಯುತ್ತಾರೆ, ಕೆಲಸವೂ ತುಳುವಿನಲ್ಲೇ ಹೇಳಿಕೊಡುತ್ತಾರೆ, ಆದ್ದರಿಂದ ತುಳು ಕಲಿಯಿರಿ. ಮೊದಲ ಮಳೆಗಾಲ ಪೂರ್ತಿ ಡೀಸೆಲ್ಲಿನಲ್ಲಿ ಬಿಡಿಭಾಗ ತೊಳೆಯುವುದೇ ಆಗುತ್ತದೆ. ಇಂಜಿನ್ ರೂಮಿನಲ್ಲಿ ಬೆನ್ನು ಬಗ್ಗಿಸಿಯೇ ಇರಬೇಕು, ಮೀನು ವಾಸನೆ ಊಟದ ತಟ್ಟೆವರೆಗೂ ಬರುತ್ತದೆ. ಸಂಬಳ ಅಂತ ಹೇಳಿಕೊಳ್ಳುವಂಥದ್ದು ಮೊದಲಿಗೆ ಬರುವುದಿಲ್ಲ.

ಉಪ್ಪು ನೀರು ಕಲಿಸುವುದನ್ನು ಸಿಹಿ ನೀರು ಕಲಿಸುವುದಿಲ್ಲ. ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪು. ಆ ನೀರಿನಲ್ಲಿ ಕಂಚಿನ ಫ್ಯಾನು, ಸ್ಟೀಲ್ ಶಾಫ್ಟ್ ಎರಡೂ ಮುಳುಗಿದ್ದರೆ ಬ್ಯಾಟರಿಯ ಕೆಲಸ ಶುರು, ಒಂದು ಲೋಹ ಇನ್ನೊಂದನ್ನು ತಿನ್ನುತ್ತದೆ. ಅದಕ್ಕೇ ಜಿಂಕ್ ತುಂಡು ಕಟ್ಟುವುದು, ತಿನ್ನುವುದಿದ್ದರೆ ಅದನ್ನು ತಿನ್ನಲಿ ಅಂತ. ಜಿಂಕ್‌ಗೆ ಪೇಂಟ್ ಹೊಡೆದರೆ ಮುಗಿಯಿತು, ಅದು ಇದ್ದೂ ಇಲ್ಲದ ಹಾಗೆ. ಅದೇ ಬೋಟು ನಮ್ಮ ಹಿನ್ನೀರಿಗೆ ಬಂದರೆ ಜಿಂಕ್ ಸರಿಯಾಗಿ ಕೆಲಸ ಮಾಡುವುದಿಲ್ಲ, ಸಿಹಿ ನೀರಿಗೆ ಮೆಗ್ನೀಸಿಯಂ ಬೇಕು.

ಬೋಟಿನ ಶಾಫ್ಟ್ ಹೊರಗೆ ಹೋಗುವ ಜಾಗದಲ್ಲಿ ಗ್ಲ್ಯಾಂಡ್ ಇರುತ್ತದೆ, ನಿಮ್ಮ ಪಂಪಿನಲ್ಲಿ ಇರುವಂಥದ್ದೇ. ಹೊಸಬರು ಅದರಿಂದ ಹನಿ ಬೀಳುವುದನ್ನು ನೋಡಿ ಪಾನಾ ಹಿಡಿದು ಬಿಗಿ ಮಾಡುತ್ತಾರೆ. ಶಾಫ್ಟ್ ತಿರುಗುವಾಗ ಒಂದೊಂದಾಗಿ ಹನಿ ಬೀಳಲೇಬೇಕು, ಆ ನೀರೇ ಅದನ್ನು ತಂಪಾಗಿಡುವುದು. ಪೂರ್ತಿ ಬಿಗಿದರೆ ರೋಪ್ ಸುಟ್ಟು, ಶಾಫ್ಟಿನಲ್ಲಿ ಗೆರೆ ಬಿದ್ದು, ಆಮೇಲೆ ಎಷ್ಟು ಬಿಗಿದರೂ ಸೋರುತ್ತದೆ.

ಸರ್ಟಿಫಿಕೇಟ್ ಬೇಕು ಅನ್ನುವವರಿಗೆ ದಾರಿ ಇದೆ. ಕೇಂದ್ರ ಸರ್ಕಾರದ ಮೀನುಗಾರಿಕೆ ತರಬೇತಿ ಸಂಸ್ಥೆ ಸಿಫ್ನೆಟ್ ಕೊಚ್ಚಿಯಲ್ಲಿ 1963ರಲ್ಲಿ ಶುರುವಾಗಿದ್ದು, ಚೆನ್ನೈ ಮತ್ತು ವಿಶಾಖಪಟ್ಟಣದಲ್ಲೂ ಶಾಖೆಗಳಿವೆ. ಅಲ್ಲಿ ಎಸ್ಸೆಸ್ಸೆಲ್ಸಿ ಆದವರಿಗೆ ಮೆರೈನ್ ಫಿಟ್ಟರ್ ಅಂತ ಎರಡು ವರ್ಷದ ಕೋರ್ಸ್. ಪ್ರವೇಶ ಪರೀಕ್ಷೆ, ವಯಸ್ಸಿನ ಮಿತಿ ಎರಡೂ ಉಂಟು, ಆಯಾ ವರ್ಷದ ಪ್ರಕಟಣೆಯನ್ನೇ ನೋಡಿ. ಕೊಚ್ಚಿನ್ ಶಿಪ್‌ಯಾರ್ಡ್ ಐಟಿಐ ಆದವರನ್ನು ಅಪ್ರೆಂಟಿಸ್ ಆಗಿ ತೆಗೆದುಕೊಳ್ಳುತ್ತದೆ. ಮಲ್ಪೆಯಲ್ಲಿ ಅದರದೇ ಉಡುಪಿ ಕೊಚ್ಚಿನ್ ಶಿಪ್‌ಯಾರ್ಡ್ ಇದೆ, ಅಲ್ಲಿ ಕಟ್ಟುವುದು ಟಗ್‌ನಂಥ ಹಡಗುಗಳನ್ನು. ಅದು ಬೇರೆಯೇ ಲೋಕ. ಇನ್ನು "ಹಡಗಿನಲ್ಲಿ ಕೆಲಸ, ಡಾಲರ್ ಸಂಬಳ, ಮೊದಲು ಇಷ್ಟು ಲಕ್ಷ ಕಟ್ಟಿ" ಅನ್ನುವ ಏಜೆಂಟರ ವಿಷಯ. ಹಣ ಮೊದಲು ಕೇಳಿದವನ ಬಾಗಿಲಿಗೆ ಮತ್ತೆ ಹೋಗಬೇಡಿ.

ಇನ್ನೊಂದು ಮಾತನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. 2023ರ ಮೇ 7ರಂದು ಕೇರಳದ ತಾನೂರಿನಲ್ಲಿ ಪ್ರವಾಸಿ ಬೋಟು ಮಗುಚಿ 22 ಜನ ಸತ್ತರು, ಅದರಲ್ಲಿ ಮಕ್ಕಳೂ ಇದ್ದರು. ಮೀನು ಹಿಡಿಯುವ ಬೋಟನ್ನು ಪ್ರವಾಸಿಗರಿಗಾಗಿ ಬದಲಾಯಿಸಿದ್ದರು, ಮಿತಿ ಮೀರಿ ಜನ ಹತ್ತಿಸಿದ್ದರು. ಬದಲಾಯಿಸುವ ಕೆಲಸವನ್ನು ಯಾರೋ ಕೈಯಿಂದಲೇ ಮಾಡಿರಬೇಕಲ್ಲ? ನಿಮ್ಮ ಹತ್ತಿರವೂ ಬರುತ್ತಾರೆ. "ಮೇಲೊಂದು ಅಟ್ಟ ಕಟ್ಟಿಕೊಡಿ, ದೊಡ್ಡ ಇಂಜಿನ್ ಕೂರಿಸಿ" ಅನ್ನುತ್ತಾರೆ. 2021ರ ಒಳನಾಡು ಹಡಗುಗಳ ಕಾಯ್ದೆ ಪ್ರಕಾರ ಇಂಜಿನ್ ಇರುವ ಬೋಟಿಗೆ ನೋಂದಣಿ ಬೇಕು, ಸರ್ವೆ ಆಗಬೇಕು. ಕಾಗದ ತೋರಿಸಿ ಅನ್ನಿ. ಪೆಟ್ರೋಲ್ ಇಂಜಿನ್ ಒಳಗೇ ಇರುವ ಬೋಟಿಗೆ ಕಾರಿನ ಸ್ಟಾರ್ಟರ್ ಅಗ್ಗಕ್ಕೆ ಸಿಗುತ್ತದೆ, ಹಾಕಿಕೊಡಿ ಅಂದರೂ ಒಪ್ಪಬೇಡಿ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ಬೋಟಿನ ತಳದಲ್ಲಿ ಹೋಗಿ ಕೂರುತ್ತದೆ, ಹೊರಗೆ ಹೋಗಲು ಅದಕ್ಕೆ ದಾರಿ ಇಲ್ಲ. ಕಾರಿನ ಸ್ಟಾರ್ಟರ್‌ನ ಒಂದು ಕಿಡಿ ಸಾಕು. ಬೋಟಿನದು ಕಿಡಿ ಹೊರಗೆ ಬಾರದ ಹಾಗೆ ಮುಚ್ಚಿರುತ್ತದೆ, ಬೆಲೆ ಹೆಚ್ಚು ಅದಕ್ಕೇ.

ಮಾತು ಮುಗಿದ ಮೇಲೆ ಕೆಲವು ಪ್ರಶ್ನೆಗಳು ಬಂದವು.

ಈಜು ಬರಲೇಬೇಕಾ ಅಂತ ಒಬ್ಬ ಕೇಳಿದ. ಬರಲೇಬೇಕು. ಬಂದರೂ ಲೈಫ್ ಜಾಕೆಟ್ ಹಾಕಲೇಬೇಕು.

ರಕ್ಷಣಾ ಬೋಟುಗಳು ಬೇಕಾದಾಗಲೇ ಸ್ಟಾರ್ಟ್ ಆಗುವುದಿಲ್ಲವಂತೆ, ಯಾಕೆ ಅಂತ ಇನ್ನೊಬ್ಬನ ಪ್ರಶ್ನೆ. ವರ್ಷವಿಡೀ ಶೆಡ್ಡಿನಲ್ಲಿ ನಿಂತರೆ ಯಾವ ಇಂಜಿನ್ ತಾನೇ ಸ್ಟಾರ್ಟ್ ಆದೀತು? ಕಾರ್ಬುರೇಟರಿನಲ್ಲಿ ಉಳಿದ ಪೆಟ್ರೋಲ್ ಅಂಟಾಗಿ ಜೆಟ್ ಕಟ್ಟಿರುತ್ತದೆ. ಈಗ ಬಂಕಿನಲ್ಲಿ ಸಿಗುವುದು ಶೇ 20 ಎಥನಾಲ್ ಇರುವ ಪೆಟ್ರೋಲ್, ಅದು ಗಾಳಿಯ ತೇವ ಹೀರುತ್ತದೆ. ಔಟ್‌ಬೋರ್ಡ್ ಕೈಪಿಡಿಗಳಲ್ಲಿ ಸಾಮಾನ್ಯವಾಗಿ ಕಾಣುವ ಮಿತಿ ಶೇ 10. ಇಡುವ ಮೊದಲು ಪೆಟ್ರೋಲ್ ಪೈಪ್ ಕಳಚಿ, ಇಂಜಿನ್ ತಾನಾಗಿ ನಿಲ್ಲುವವರೆಗೆ ನೀರಿನ ಡ್ರಮ್ಮಿನಲ್ಲಿ ಓಡಿಸಬೇಕು. ತಿಂಗಳಿಗೊಮ್ಮೆ ಹೊಸ ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಬೇಕು. ಇದನ್ನೇ ವರ್ಷದ ಕಾಂಟ್ರಾಕ್ಟಾಗಿ ಕೇಳಿ ನೋಡಿ, ಪಕ್ಕಾ ಕೆಲಸ ಅದು.

ಎಲೆಕ್ಟ್ರಿಕ್ ಬಂದರೆ ನಮ್ಮ ಗತಿಯೇನು ಅಂತ ಒಬ್ಬಳು ಕೇಳಿದಳು, ಆ ಬ್ಯಾಚಿನಲ್ಲಿರುವ ಕೆಲವೇ ಹುಡುಗಿಯರಲ್ಲಿ ಒಬ್ಬಳು. ಬರುತ್ತಾ ಏನು, ಬಂದಾಗಿದೆ. ಕೇರಳದ ವೈಕಂನಲ್ಲಿ 2017ರಿಂದ 'ಆದಿತ್ಯ' ಅನ್ನುವ ಸೌರಶಕ್ತಿ ದೋಣಿ ಜನ ಸಾಗಿಸುತ್ತಿದೆ. ಕೊಚ್ಚಿ ವಾಟರ್ ಮೆಟ್ರೋ 2023ರ ಏಪ್ರಿಲ್‌ನಲ್ಲಿ ಶುರುವಾಯಿತು, ಅದರ ಬೋಟುಗಳೂ ಬ್ಯಾಟರಿಯವೇ. ಕಾಡಿನೊಳಗಿನ ಸಫಾರಿಗೆ ಸದ್ದಿಲ್ಲದ ಬೋಟು ಬೇಕು ಅಂತ ನಾಳೆ ಇಲ್ಲೂ ಕೇಳುತ್ತಾರೆ. ಆಗಲೂ ಶಾಫ್ಟ್ ಇರುತ್ತದೆ, ಸೀಲ್ ಇರುತ್ತದೆ, ಫ್ಯಾನಿಗೆ ಬಲೆ ಸಿಕ್ಕುವುದೂ ಇರುತ್ತದೆ. ಇಂಜಿನ್ ಬಿಟ್ಟು ಮೋಟರ್, ವೈರಿಂಗ್ ಕಲಿಯಬೇಕಾಗುತ್ತದೆ, ಎಲೆಕ್ಟ್ರಿಷಿಯನ್ ವಿಭಾಗ ಪಕ್ಕದ ಕಟ್ಟಡದಲ್ಲೇ ಇದೆ. ನನಗೆ ಅದಕ್ಕಿಂತ ಹೆಚ್ಚು ಚಿಂತೆ ಸೇತುವೆಗಳದ್ದು. ಶರಾವತಿ ಹಿನ್ನೀರಿನ ಅಂಬಾರಗೋಡ್ಲು, ಕಳಸವಳ್ಳಿ ನಡುವೆ 2025ರ ಜುಲೈಯಲ್ಲಿ ಸೇತುವೆ ತೆರೆಯಿತು. ಜನರ ದೊಡ್ಡ ಕಷ್ಟ ನೀಗಿತು, ಒಳ್ಳೆಯದೇ. ಅಲ್ಲಿ ಜನರನ್ನು ದಾಟಿಸುತ್ತಿದ್ದ ಲಾಂಚಿನ ಇಂಜಿನ್ ನೋಡಿಕೊಳ್ಳುತ್ತಿದ್ದವರ ಕೆಲಸದ ಲೆಕ್ಕ ಮಾತ್ರ ಬದಲಾಯಿತು. ಬೋಟೊಂದನ್ನೇ ನಂಬಬೇಡಿ ಅಂತ ಮೊದಲೇ ಹೇಳಿದ್ದು ಇದಕ್ಕೂ ಸೇರಿ.

ಕೊನೆಗೆ, ಸಮುದ್ರ ಎಲ್ಲಿದೆ ಅಂದಿದ್ದ ಹುಡುಗನೇ ಇರಬೇಕು, ಎದ್ದು ನಿಂತ. "ಸರ್, ಹಾಸನದಲ್ಲಿ ಅಂಗಡಿ ಹಾಕಿದ್ರೆ ಬೋರ್ಡಲ್ಲಿ ಏನಂತ ಬರೆಸೋದು?"

ಪಂಪ್‌ಸೆಟ್, ವೀಡ್ ಕಟರ್ ಅಂತ ದಪ್ಪ ಅಕ್ಷರದಲ್ಲಿ ಬರೆಸಪ್ಪ. ಔಟ್‌ಬೋರ್ಡ್ ಅಂತ ಕೆಳಗೆ ಸಣ್ಣದಾಗಿ, ಜೊತೆಗೆ ಫೋನ್ ನಂಬರ್. ಬೋಟಿನವರು ಬೋರ್ಡ್ ಓದಿಕೊಂಡು ಅಂಗಡಿಗೆ ಬರುವವರಲ್ಲ, ಹಿನ್ನೀರಿನ ದಡದಿಂದ ಫೋನ್ ಮಾಡುವವರು. ಹಾಗಾಗಿ ಬೋರ್ಡಿಗೆ ಹಾಕುವ ದುಡ್ಡಿನಲ್ಲಿ ಸ್ವಲ್ಪ ಉಳಿಸಿ, ಯಗಚಿಯಲ್ಲಿ, ಗೊರೂರಿನಲ್ಲಿ ಯಾವ ಯಾವ ಇಂಜಿನ್ ಓಡುತ್ತಿವೆ ಅಂತ ನೋಡಿಕೊಂಡು ಬಂದು, ಅವಕ್ಕೆ ಹೊಂದುವ ಇಂಪೆಲ್ಲರ್, ಶಿಯರ್ ಪಿನ್, ಸೀಲು ತಂದಿಟ್ಟುಕೋ. ಭಾನುವಾರ ಮಧ್ಯಾಹ್ನ ಜನ ಟಿಕೆಟ್ ತಗೊಂಡು ಕಾಯುತ್ತಿರುವಾಗ, ಪಾರ್ಟು ಮಂಗಳೂರಿನಿಂದ ಬರಬೇಕು ಅನ್ನದ ಮೆಕ್ಯಾನಿಕ್ ಯಾರೋ ಅವನಿಗೇ ಮುಂದಿನ ಫೋನೂ ಬರುವುದು.